ಬಿಸಿಯಾಗದ ಇಂಜಿನ್ನಿಗೆ ಒಂದು ಕೊಡ ನೀರು

"ಆಫ್ ಮಾಡ್ಬೇಡಿ ಸಾಬ್ರೇ. ಹಂಗೇ ಓಡ್ಲಿ."

ಮೃತ್ಯುಂಜಯ ಪಿಕಪ್ಪಿನ ಬಾನೆಟ್ಟಿನೊಳಗೆ ಕೈ ಹಾಕಿ ರೇಡಿಯೇಟರಿನ ಮೇಲಿನ ಪೈಪು ಹಿಡಿದುಕೊಂಡ. ಹಿಡಿದ ಕೈ ತೆಗೆಯಲೇ ಇಲ್ಲ. ಇಷ್ಟು ಹೊತ್ತು ಓಡಿದ ಡೀಸೆಲ್ ಇಂಜಿನ್ನಿನ ಪೈಪು ಮುಟ್ಟಿದವನು ಅಯ್ಯಪ್ಪಾ ಎಂದು ಕೈ ಕೊಡವಬೇಕು. ಇವನು ನೆಂಟರ ಕೈ ಹಿಡಿದಂತೆ ಹಿಡಿದುಕೊಂಡೇ ನಿಂತಿದ್ದ.

ಕಡೂರಿನ ಅಬ್ದುಲ್ ಗಫೂರ್ ಗ್ಯಾರೇಜಿಗೆ ಅವನು ಬಂದದ್ದು ಈ ಗಾಡಿಗಾಗಿ ಅಲ್ಲ. ವಿಮಾ ಕಂಪನಿಯ ಪರವಾಗಿ ಅಪಘಾತಗಳ ತನಿಖೆ ಮಾಡುವುದು ಅವನ ಕಸುಬು. ಶಾಹಬಾಜನ ಗಾಡಿಯ ಬಂಪರಿನ ತಗ್ಗು ಹಳೆಯದೋ ಹೊಸದೋ ಎಂದು ಗಫೂರರನ್ನು ಕೇಳಲು ಬಂದಿದ್ದ. ಬನ್ನಿ ಸಾರ್, ಒಂದು ಸಲ ಕೇಳಿ ಸಾರ್ ಎಂದು ಗೋಗರೆದು ಕರೆತಂದವಳು ಶಾಹಬಾಜನ ತಾಯಿ ಸೈದಾನಿ ಬಿ. ಅವಳು ಅಲ್ಲೇ ಒಂದು ಸವೆದ ಟೈರಿನ ಮೇಲೆ ಸೆರಗು ಹೊದ್ದು ಕೂತಿದ್ದಳು.

ಯುಗಾದಿಗೆ ಮುಂಚಿನ ಭಾನುವಾರ ಬೆಳಿಗ್ಗೆ ಶಿವನಿ ರಸ್ತೆಯಲ್ಲಿ ಯಾವುದೋ ಪಿಕಪ್ಪು ರಂಗಯ್ಯನೆಂಬ ಮುದುಕನಿಗೆ ಗುದ್ದಿ, ನಿಲ್ಲದೆ ಹೋಗಿತ್ತು. ನಿಂತವನು ಹಿಂದಿನಿಂದ ಬಂದ ಶಾಹಬಾಜ್. ಮುದುಕನನ್ನು ಎತ್ತಿ ತನ್ನ ಗಾಡಿಗೆ ಹಾಕಿಕೊಂಡು ತರೀಕೆರೆಗೆ ಓಡಿದ. ಆಸ್ಪತ್ರೆ ಸೇರುವಷ್ಟರಲ್ಲಿ ರಂಗಯ್ಯನ ಜೀವ ಹೋಗಿತ್ತು, ಗಾಡಿಯಲ್ಲಿ ರಕ್ತ ಇತ್ತು. ಶಾಹಬಾಜ್ ಜೈಲಿಗೆ ಹೋದ. ನಿಲ್ಲದೆ ಹೋದವನು ಎಲ್ಲೋ ಕೂತು ಕಾಫಿ ಕುಡಿಯುತ್ತಿದ್ದಾನೆ.

ಆ ಬೆಳಿಗ್ಗೆ ಅದೇ ರಸ್ತೆಯಲ್ಲಿ ಇನ್ನೊಂದು ಬಿಳಿ ಪಿಕಪ್ಪನ್ನು ಕಂಡವರಿದ್ದರು. ಅಜ್ಜಂಪುರದ ಈರುಳ್ಳಿ ವ್ಯಾಪಾರಿ ಚಂದ್ರಕುಮಾರನದು ಎಂಬ ಗುಸುಗುಸು ಎದ್ದಿತ್ತು. ಅದು ಎದ್ದಷ್ಟೇ ಬೇಗ ಅಡಗಿತು. ಆ ಹೊತ್ತಿಗೆ ಚಂದ್ರಕುಮಾರನ ಇಂಜಿನ್ ಕುದ್ದು ಚೌಳಹಿರಿಯೂರಿನಲ್ಲಿ ತನ್ನ ಮನೆ ಮುಂದೆ ನಿಂತಿತ್ತು, ತಾನೇ ಒಂದು ಕೊಡ ನೀರು ಹೊಯ್ದು ಕಳಿಸಿದೆ ಎಂದು ಸೋಮಶೇಖರಪ್ಪನವರು ಮಠದ ಗದ್ದುಗೆಯ ಮುಂದೆ ನಿಂತು ಹೇಳಿದರು. ಸೋಮಶೇಖರಪ್ಪನವರು ಹೇಳಿದ ಮೇಲೆ ಮುಗಿಯಿತು. ಪೊಲೀಸರೂ ಬರೆದುಕೊಂಡರು, ಮೃತ್ಯುಂಜಯನೂ ಬರೆದುಕೊಂಡ.

ಸೋಮಶೇಖರಪ್ಪನವರು ಮೃತ್ಯುಂಜಯನ ಒಡಹುಟ್ಟಿದ ಅಣ್ಣ. ಚಂದ್ರಕುಮಾರ ಮೃತ್ಯುಂಜಯನ ಮಗಳು ಅಶ್ವಿನಿಗೆ ನಿಶ್ಚಯವಾದ ಗಂಡು.

ಈಗ ಗ್ಯಾರೇಜಿನಲ್ಲಿ ಗುರುಗುಟ್ಟುತ್ತಿರುವುದು ಅದೇ ಚಂದ್ರಕುಮಾರನ ಗಾಡಿ. ಮೈಲೇಜ್ ಬರ್ತಿಲ್ಲ, ಹೊಗೆ ಜಾಸ್ತಿ ಎಂದು ಬಿಟ್ಟು ಅವನು ದಾವಣಗೆರೆಗೆ ಹೋಗಿದ್ದ.

"ಇದು ಬಿಸೀನೇ ಆಗಿಲ್ವಲ್ರೀ," ಮೃತ್ಯುಂಜಯ ಕೇಳಿದ.

ಗಫೂರ್ ಸಾಬರು ಸ್ಪ್ಯಾನರ್ ಒರೆಸುತ್ತಾ ಬೇರೆ ಕಡೆ ನೋಡಿದರು. "ಈಗಿನ್ನೂ ಸ್ಟಾರ್ಟ್ ಮಾಡಿದ್ದು ಸಾರ್."

"ನಾನ್ ಬಂದಾಗ್ಲಿಂದ ಓಡ್ತಾ ಐತೆ. ನಾನ್ ಟೀ ಕುಡ್ದು ಆಯ್ತು."

ಇಂಜಿನ್ನಿನ ಬಿಸಿ ತೋರಿಸುವ ಮೀಟರಿನಲ್ಲಿ ಮುಳ್ಳು ತಳಕ್ಕೆ ಅಂಟಿಕೊಂಡಿತ್ತು. ಹಿಂದೆ ಬಿಳಿಹೊಗೆ ಕಣ್ಣು ಉರಿಸುತ್ತಿತ್ತು.

"ಮುಳ್ಳು ಕೆಟ್ಟಿರ್ಬೌದು ಸಾರ್."

ಮೃತ್ಯುಂಜಯ ಇಂಜಿನ್ನಿನ ಪಕ್ಕದ ಸೆನ್ಸರಿನಿಂದ ವೈರು ಕಿತ್ತು ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿದ. ಮುಳ್ಳು ಟಣ್ಣನೆ ಮೇಲಿನ ತುದಿಗೆ ಹಾರಿತು. ವೈರು ಮತ್ತೆ ಸಿಕ್ಕಿಸಿದ. ಮುಳ್ಳು ತನ್ನ ಜಾಗಕ್ಕೆ ಬಂದು ಕೂತಿತು.

"ಮುಳ್ಳು ಚೆನ್ನಾಗೈತೆ ಸಾಬ್ರೇ."

"ಹಂಗಾದ್ರೆ ಫ್ಯಾನು ಜಾಸ್ತಿ ಎಳೀತಿರ್ಬೌದು."

ಆಯಿಲ್ ಡಬ್ಬಗಳ ರಟ್ಟೊಂದನ್ನು ಹರಿದು ರೇಡಿಯೇಟರಿನ ಮುಂದೆ ಅಡ್ಡ ಇಟ್ಟ. ಗಾಳಿ ಕಟ್ಟಿದ ಮೇಲೆ ಮುಳ್ಳು ಒಂದು ಚೂರು ಮೇಲೆದ್ದಿತು, ಅಷ್ಟೇ. ರಟ್ಟು ತೆಗೆದ ಕೂಡಲೇ ಮತ್ತೆ ತಳ. ಗಫೂರ್ ಸಾಬರು ಮೂರನೆಯ ಕಾರಣ ಹೇಳಲಿಲ್ಲ. ಮೂವತ್ತು ವರ್ಷ ಇಂಜಿನ್ ಬಿಚ್ಚಿದ ಮನುಷ್ಯ ಹೀಗೆ ತಡಬಡಾಯಿಸುವುದನ್ನು ನೋಡಿ ಮೃತ್ಯುಂಜಯನಿಗೆ ಮೊದಲ ಅನುಮಾನ ಇಂಜಿನ್ನಿನ ಮೇಲಲ್ಲ, ಮೇಸ್ತ್ರಿಯ ಮೇಲೆ ಬಂತು.

"ನೀರಿನ ವಾಲ್ವಿನ ಮುಚ್ಚಳ ಬಿಚ್ಚಿ."

ಬೇರೆ ಗಾಡಿಯಾಗಿದ್ದರೆ ಆರುವವರೆಗೆ ಕಾಯಬೇಕಿತ್ತು. ಇದನ್ನು ಆಫ್ ಮಾಡಿ ಕೂಡಲೇ ಬಿಚ್ಚಿದರು. ಬೋಲ್ಟುಗಳು ತುಕ್ಕು ಹಿಡಿದು ಮೊಂಡು ಮಾಡಿದವು. ಮುಚ್ಚಳ ಎತ್ತಿದಾಗ ಒಣಗಿ ಕಪ್ಪಾದ ಗ್ಯಾಸ್ಕೆಟ್ ಅಂಟು ಚೂರುಚೂರಾಗಿ ಉದುರಿತು. ಮೊನ್ನೆ ನಿನ್ನೆ ಯಾರೂ ಇದನ್ನು ಮುಟ್ಟಿಲ್ಲ.

ಒಳಗೆ ವಾಲ್ವ್ ಇರಲಿಲ್ಲ. ಖಾಲಿ ತೂತು.

"ಏನ್ ಸಾರ್ ಅದು?" ಸೈದಾನಿ ಬಿ ಎದ್ದು ಬಂದಳು.

"ಇಲ್ಲೊಂದು ವಾಲ್ವ್ ಇರ್ಬೇಕಮ್ಮಾ. ಇಂಜಿನ್ ಕಾಯೋ ತಂಕ ನೀರನ್ನ ರೇಡಿಯೇಟರಿಗೆ ಬಿಡದೇ ತಡೀತದೆ. ಅದೇ ಇಲ್ದಿದ್ರೆ ನೀರು ಸ್ಟಾರ್ಟ್ ಆದಾಗ್ಲಿಂದ ಸುತ್ತಾನೇ ಇರ್ತದೆ. ಇಂಜಿನ್ ಕಾಯೋದೇ ಇಲ್ಲ. ಡೀಸೆಲ್ ಸರಿಯಾಗಿ ಉರಿಯಲ್ಲ, ಅದ್ಕೇ ಈ ಹೊಗೆ."

"ಕಾಯೋದೇ ಇಲ್ವಾ?" ಅವಳು ನಿಧಾನವಾಗಿ ಕೇಳಿದಳು. "ಹಂಗಾದ್ರೆ ಕುದಿಯೋದು?"

ಮೃತ್ಯುಂಜಯ ಗಫೂರರ ಕಡೆ ತಿರುಗಿದ.

"ಯಾರ್ ತೆಗ್ದಿದ್ದು ಸಾಬ್ರೇ?"

ಸಾಬರು ಸ್ಪ್ಯಾನರ್ ಕೆಳಗಿಟ್ಟರು. ಗಡ್ಡ ಎದೆಗೆ ತಾಗುವಷ್ಟು ತಲೆ ಬಗ್ಗಿತ್ತು.

"ನಾನೇ ಸಾರ್. ಹೋದ್ ವರ್ಷ ಬ್ಯಾಸ್ಗೇಲಿ. ಆಗ ಡ್ರೈವರ್ ಆಗಿದ್ದ ತೀರ್ಥಪ್ಪ ತಗೊಂಡ್ ಬಂದಿದ್ದ, ಕಾಯ್ತದೆ ಅಂತ. ನಮ್ ಕಡೆ ಎಲ್ಲಾರೂ ಮಾಡೋದೇ ಇದು, ವಾಲ್ವ್ ತೆಗ್ದು ಬಿಸಾಕ್ಬಿಟ್ರೆ ಗಾಡಿ ಜನ್ಮದಲ್ಲಿ ಕುದಿಯಲ್ಲ. ಓನರ್‌ಗೆ ಹೇಳ್ಬೇಡಿ, ಬೈತಾರೆ ಅಂದ. ನಾನೂ ಹೇಳ್ಲಿಲ್ಲ."

ಅಲ್ಲಿಗೆ ಸುಳ್ಳಿನ ಬುಡ ಸಿಕ್ಕಿತು. ಕಡೂರಿನ ಬಯಲಲ್ಲಿ, ಯುಗಾದಿ ಬಿಸಿಲಲ್ಲಿ, ಗಾಡಿ ಕುದ್ದು ನಿಂತಿತ್ತು ಎಂದರೆ ಅನುಮಾನಪಡುವವರು ಯಾರು? ದಾರಿಯುದ್ದಕ್ಕೂ ಬಾನೆಟ್ ಎತ್ತಿ ನಿಂತ ಗಾಡಿಗಳೇ. ಅದಕ್ಕೇ ಚಂದ್ರಕುಮಾರನ ಬಾಯಿಗೆ ಆ ಸುಳ್ಳು ಸಲೀಸಾಗಿ ಬಂದಿರಬೇಕು. ತನ್ನ ಗಾಡಿಯಲ್ಲಿ ವಾಲ್ವೇ ಇಲ್ಲ ಎನ್ನುವುದು ಆ ಮಹಾನುಭಾವನಿಗೆ ಗೊತ್ತಿರಲಿಲ್ಲ.

"ಗಫೂರ್ ಭಾಯ್," ಸೈದಾನಿ ಬಿಯ ದನಿ ಸಣ್ಣದಾಗಿತ್ತು. "ಈ ಗಾಡಿ ಕುದಿಯಲ್ಲ ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತಾ?"

ಸಾಬರು ಕೆಳಗಿಟ್ಟ ಸ್ಪ್ಯಾನರನ್ನು ಮತ್ತೆ ಎತ್ತಿಕೊಂಡರು.

"ನನ್ ಮಗ ಒಳಗ್ ಹೋದಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು ಕಣಮ್ಮಾ." ಅವರ ಕಣ್ಣು ತುಂಬಿತು. "ನಮ್ಮೋನು ಅಂತ ಶಾಹಬಾಜನ್ ಪರ ಸಾಕ್ಷಿ ಹೇಳ್ದ ಅಂತಾರೆ ಅಂತ ಹೆದರ್ಕೊಂಡೆ. ಸೋಮಶೇಖರಪ್ಪೋರ ಮಾತಿಗೆ ಎದ್ರು ನಾನು ಯಾವೋನು? ಈರುಳ್ಳಿ ಸೀಸನ್ನಲ್ಲಿ ನನ್ ಗ್ಯಾರೇಜ್ ನಡ್ಯೋದೇ ಆ ಜನ್ರಿಂದ. ಜುಮ್ಮಾ ದಿನ ನಿನ್ ಗಂಡನ ಪಕ್ಕ ನಿಂತು ನಮಾಜ್ ಮಾಡೋಕೂ ನಾಚ್ಕೆ ಆಗಿ ಬೇರೆ ಮಸೀದಿಗೆ ಹೋಗ್ತಾ ಇದೀನಿ."

ಸೈದಾನಿ ಬಿ ಬೈಯಲಿಲ್ಲ. ಬೈದಿದ್ದರೆ ಮೂವರಿಗೂ ಹಗುರಾಗುತ್ತಿತ್ತು. ಅವಳು ಮೃತ್ಯುಂಜಯನ ಕಡೆ ತಿರುಗಿ, "ನಾಳೆ ಜಾಮೀನು ಕೇಸ್ ಐತೆ ಸಾರ್. ಇದನ್ನ ಹೇಳ್ತೀರಲ್ವಾ?" ಎಂದಳು.

ಗಫೂರರ ಮೇಲೆ ರೇಗುವ ಬಾಯಿ ಮೃತ್ಯುಂಜಯನಿಗೂ ಇರಲಿಲ್ಲ. ಸಾಬರು ಹೆದರಿ ಸುಮ್ಮನಿದ್ದರು. ಇವನು ಹೆದರಿಕೆಯೂ ಇಲ್ಲದೆ, ಅಣ್ಣನ ಮಾತು ಎಂದು ಒಂದು ಸಲ ಬಾನೆಟ್ ಎತ್ತಿ ನೋಡುವ ಕೆಲಸವನ್ನೂ ಮಾಡಿರಲಿಲ್ಲ. ಬೇರೆಯವರ ಅಣ್ಣನಾಗಿದ್ದರೆ ಎತ್ತುತ್ತಿದ್ದ.

"ವಾಲ್ವ್ ಇಲ್ದಿದ್ರೂ, ನೀರು ಸೋರಿ ಕಮ್ಮಿ ಆಗಿದ್ರೆ ಕುದೀಬೌದು," ಅವನು ಅಂದ. ಹಾಗೆಂದದ್ದು ಯಾರಿಗೆ ಎಂದು ಅವನಿಗೇ ತಿಳಿಯಲಿಲ್ಲ. "ಲೋಡ್ ಹಾಕಿ ಬಿಸಿಲಲ್ಲಿ ಓಡಿಸಿ ನೋಡ್ಬೇಕು. ಸೋರ್ತದಾ, ಕಾಯ್ತದಾ ಅಂತ."

"ರೇಡಿಯೇಟರ್ ಯಾರೂ ಬಿಚ್ಚಿಲ್ಲ ಸಾರ್. ಹಳೇ ಬೆಸುಗೆ ಹಂಗೇ ಐತೆ," ಗಫೂರ್ ಮೆಲ್ಲಗೆ ಹೇಳಿದರು.

"ಆದ್ರೂ ನೋಡ್ಬೇಕು. ಮುಚ್ಚಳ ಹಾಕಿ, ನೀರ್ ತುಂಬ್ಸಿ."

ಹಿಂದೆ ಹಳೇ ಗೇರ್‌ಬಾಕ್ಸುಗಳು, ಮುರಿದ ಆಕ್ಸಲ್ಲುಗಳನ್ನು ತುಂಬಿಸಿದ. ಸ್ಟೀರಿಂಗ್ ಮುಂದೆ ಕೂತು ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಆ ಕಡೆಯ ಬಾಗಿಲು ತೆರೆಯಿತು. ಸೈದಾನಿ ಬಿ ಸೀರೆ ಎತ್ತಿ ಹಿಡಿದು ಹತ್ತಿ ಕೂತಳು.

"ಎಲ್ಲಿಗ್ ಹೋಗ್ತೀರಿ ಅಂತ ಗೊತ್ತು ಸಾರ್. ನಾನೂ ಬತ್ತೀನಿ."

ಬೇಡ ಎನ್ನಲು ಅವನಿಗೆ ಮುಖ ಇರಲಿಲ್ಲ.

ಚೌಳಹಿರಿಯೂರು ರಸ್ತೆಯ ಏರುಗಳಲ್ಲಿ ಬೇಕೆಂದೇ ಸಣ್ಣ ಗೇರಿನಲ್ಲಿ ಒದರಿಸಿದ. ಎರಡೂ ಕಡೆ ರಾಗಿ ಕೊಯ್ದು ಬೋಳಾದ ಹೊಲ, ನೆತ್ತಿಯ ಮೇಲೆ ಬಿಸಿಲು. ಅವನ ಬೆನ್ನು ಬೆವರಿನಲ್ಲಿ ತೊಯ್ದು ಸೀಟಿಗೆ ಅಂಟಿತ್ತು. ಮುಳ್ಳು ಮಾತ್ರ ತಣ್ಣಗೆ ಮಲಗಿತ್ತು.

"ಮುಳ್ಳು ಮೇಲಕ್ಕೆ ಹೋದ್ರೆ ಏನ್ ಸಾರ್?"

"ನಮ್ಮಣ್ಣ ಹೇಳಿದ್ದು ನಿಜ ಇರ್ಬೌದು ಅಂತ."

"ಹೋಗ್ದೇ ಇದ್ರೆ?"

"ನಿಮ್ ಮಗ ಹೇಳಿದ್ದು ನಿಜ."

ಅವಳು ಮುಂದಕ್ಕೆ ಬಗ್ಗಿ ಮುಳ್ಳನ್ನೇ ನೋಡುತ್ತಾ ಕೂತಳು. ಇವನೂ ರಸ್ತೆ ಬಿಟ್ಟು ಅದನ್ನೇ ನೋಡುತ್ತಿದ್ದ. ಏಳು, ಒಂದು ಸಲ ಏಳು ಮಾರಾಯ ಎಂದು ಒಳಗೊಳಗೇ ಅಂಗಲಾಚುತ್ತಿದ್ದ. ಪಕ್ಕದಲ್ಲಿ ಒಬ್ಬ ತಾಯಿ ಕೂತಿದ್ದಾಳೆ, ಅವಳ ಮಗ ನಿರಪರಾಧಿಯಾಗದಿರಲಿ ಎಂದು ತಾನು ಬೇಡಿಕೊಳ್ಳುತ್ತಿದ್ದೇನೆ. ಅದು ಹೊಳೆದಾಗ ಅವನ ಕಿವಿ ಬಿಸಿಯಾಯಿತು. ಇಂಥ ನಾಚಿಕೆ ಅವನಿಗೆ ಈವರೆಗೆ ಆಗಿರಲಿಲ್ಲ.

"ಅಮ್ಮಾ," ಅಂದ. "ಯಾರೇ ಆಗಿರ್ಲಿ, ಹೆಸ್ರು ಹೇಳ್ತೀನಿ. ನಿಮ್ಗೆ ಮೊದ್ಲು ಹೇಳ್ತೀನಿ."

"ಅಷ್ಟ್ ಸಾಕು ಸಾರ್."

ಏರುಗಳೆಲ್ಲ ಮುಗಿದವು. ಮುಳ್ಳು ಏಳಲಿಲ್ಲ.

ಸೋಮಶೇಖರಪ್ಪನವರು ಮನೆಯ ಮುಂದೆ ಬೇವಿನ ನೆರಳಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಮಡಿಸಿದ ಟವೆಲ್ಲು. ಊರಿಗೆ ಟ್ರ್ಯಾಕ್ಟರ್ ಬಂದು ಎಷ್ಟೋ ವರ್ಷವಾದರೂ ಅವರು ಇವತ್ತಿಗೂ ಸೈಕಲ್ಲಿನವರೇ. ಸ್ಟೀರಿಂಗ್ ಎಂಬುದನ್ನು ಮುಟ್ಟಿದವರಲ್ಲ. ಅಪ್ಪ ಸತ್ತ ಮೇಲೆ ಮೃತ್ಯುಂಜಯನನ್ನು ಅದೇ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟವರು.

ಪಿಕಪ್ಪನ್ನು ಕಂಡ ಕೂಡಲೇ ಹೊಸೆಯುತ್ತಿದ್ದ ಕೈ ನಿಂತಿತು.

"ಬಾರಪ್ಪಾ. ಏನು, ಬೀಗರ ಗಾಡೀಲಿ?"

"ನೀವು ಕೂತಿರಿ," ಎಂದು ಸೈದಾನಿ ಬಿಗೆ ಹೇಳಿ ಮೃತ್ಯುಂಜಯ ಇಳಿದ. ಇಂಜಿನ್ ಆಫ್ ಮಾಡಲಿಲ್ಲ. ಅದರ ಸದ್ದಿನಲ್ಲಿ ಮಾತು ಅವಳಿಗೆ ಕೇಳಿಸದಿರಲಿ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು.

ಕೊಟ್ಟಿಗೆಯ ಮಾಡಿನ ಕೆಳಗೆ ಅಶ್ವಿನಿಯ ಸ್ಕೂಟರ್ ನಿಂತಿತ್ತು. ಸೀಟಿನ ಮೇಲೆ ಪಕ್ಕದ ಮನೆಯ ಕೋಳಿಯೊಂದು ಕಾವಿಗೆ ಕೂತಂತೆ ಕೂತಿತ್ತು. ಮಗಳು ಇಲ್ಲಿಂದಲೇ ಹತ್ತಿರದ ಶಾಲೆಯಲ್ಲಿ ಪಾಠ ಮಾಡಲು ಹೋಗುತ್ತಿದ್ದಳು. ರಜೆ ಬಂದರೂ ತರೀಕೆರೆಯ ಅಪ್ಪನ ಮನೆಗೆ ಬಂದಿರಲಿಲ್ಲ.

ಅತ್ತಿಗೆ ಕಲ್ಲಮ್ಮ ಮಜ್ಜಿಗೆ ತಂದರು.

"ಇವ್ಳು ಗಾಡಿ ಹತ್ತದೇ ಬಿಟ್ಟಿದಾಳಾ ಅತ್ಗೆ?"

"ಬಸ್ಸಲ್ಲೇ ಓಡಾಡ್ತಾಳಪ್ಪ. ಹ್ಯಾಂಡಲ್ ಹಿಡುದ್ರೆ ಕೈ ನಡುಗ್ತದಂತೆ," ಎಂದು ಕಲ್ಲಮ್ಮ ಗಂಡನ ಮುಖ ನೋಡಿ ಮಾತು ನಿಲ್ಲಿಸಿದರು.

ಮೃತ್ಯುಂಜಯನ ತಲೆಯಲ್ಲಿ ಮುಳ್ಳೊಂದೇ ಕೂತಿತ್ತು. ಆ ಮಾತು ಬಂದ ದಾರಿಯಲ್ಲೇ ಹೊರಟುಹೋಯಿತು. ಅವನು ಬಾನೆಟ್ ಎತ್ತಿ ನಿಲ್ಲಿಸಿದ.

"ಅಣ್ಣಾ, ಒಂದ್ ಕೊಡ ನೀರ್ ತಗೊಂಬಾ."

"ಯಾಕೋ?"

"ಅವತ್ತು ಹೊಯ್ದಂಗೇ ಹೊಯ್ದು ತೋರ್ಸು."

ಸೋಮಶೇಖರಪ್ಪನವರು ಎದ್ದು ಬಂದರು. ನೀರು ತರಲಿಲ್ಲ.

"ಪೊಲೀಸ್ರಿಗೆ ಹೇಳಿದೀನಲ್ಲೋ. ಬುಸಬುಸ ಅಂತ ಹಬೆ ಬರ್ತಿತ್ತು. ಹತ್ರ ಹೋಗೋಕಾಗ್ತಿರ್ಲಿಲ್ಲ."

"ಇವಾಗ ಹತ್ರ ಬಾ. ಕಡೂರಿಂದ ಲೋಡ್ ಹೊತ್ಕೊಂಡು ಬಿಸಿಲಲ್ಲಿ ಬಂದೈತೆ. ಈ ಪೈಪ್ ಮೇಲೆ ಕೈ ಇಡು."

"ಸುಟ್ಕೊಳ್ಳೋಕಾ?"

"ಸುಡಲ್ಲ ಅಣ್ಣಾ. ಸುಟ್ರೆ ನಿನ್ ಕಾಲಿಗ್ ಬಿದ್ದು ಹೋಗ್ತೀನಿ. ಇಡು."

ಅಣ್ಣ ಕೈ ಮುಂದೆ ತಂದರು. ಪೈಪಿನವರೆಗೆ ಬಂದ ಕೈ ಅಲ್ಲೇ ನಿಂತಿತು. ಅವರು ಹಿರಿಯ ಮನುಷ್ಯರು, ನಾಲ್ಕು ಜನಕ್ಕೆ ಬುದ್ಧಿ ಹೇಳಿ ಬದುಕಿದವರು. ಈ ಇಳಿವಯಸ್ಸಿನಲ್ಲಿ ತಾವು ಎತ್ತಿ ಆಡಿಸಿದ ತಮ್ಮನ ಮುಂದೆ ಕೈ ಚಾಚಿಕೊಂಡು ನಿಲ್ಲಬೇಕಾಯಿತು. ಮೃತ್ಯುಂಜಯನಿಗೆ ಆ ಕೈ ನೋಡಲಾಗಲಿಲ್ಲ.

ಪೈಪು ಹಿಡಿದದ್ದು ಕಲ್ಲಮ್ಮ. ಮಜ್ಜಿಗೆಯ ಚೊಂಬು ಕೆಳಗಿಟ್ಟು, ಮುಂದೆ ಬಂದು, ಗಟ್ಟಿಯಾಗಿ ಹಿಡಿದರು.

"ಬೆಚ್ಚಗೂ ಇಲ್ಲವಲ್ರೀ," ಎಂದರು ಗಂಡನಿಗೆ.

"ಇದ್ರಲ್ಲಿ ವಾಲ್ವೇ ಇಲ್ಲ ಅತ್ಗೆ. ಹೋದ್ ವರ್ಷವೇ ತೆಗ್ದಿದಾರೆ. ಇದು ಕುದಿಯೋ ಗಾಡಿ ಅಲ್ಲ." ಮೃತ್ಯುಂಜಯ ಅಣ್ಣನ ಕಡೆ ತಿರುಗಿದ. "ಯಾಕಣ್ಣಾ ಹೇಳ್ದೆ? ಗದ್ದುಗೆ ಮುಂದೆ ನಿಂತು ಹೇಳಿದ್ಯಲ್ಲ! ಮನೆಗ್ ಬರೋ ಅಳಿಯ ಅಂತಾನಾ? ಮದ್ವೆ ನಿಂತೋದ್ರೆ ಹೋಗ್ತಿತ್ತು. ಅಲ್ಲೊಬ್ಬ ಹುಡ್ಗ ತಪ್ಪಿಲ್ದೇ ಕೊಳೀತಾ ಇದಾನೆ. ಅವ್ನ ತಾಯಿ ಅಲ್ಲಿ ಕೂತವ್ಳೆ, ನೋಡು."

ಸೋಮಶೇಖರಪ್ಪನವರು ಗಾಡಿಯ ಕಡೆ ನೋಡಲಿಲ್ಲ. ಬಾಗಿಲ ಕಡೆ ನೋಡಿದರು.

"ನಾನ್ ತಲೆ ಎತ್ತಿ ಮಠಕ್ಕೆ ಹೋಗಿ ಎಷ್ಟು ದಿನ ಆಯ್ತು ಅಂತ ನಿನಗ್ ಗೊತ್ತಾ? ಪೂಜೆಗೆ ಕೂತ್ರೆ ಲಿಂಗ ಕೈಯಲ್ಲಿ ನಿಲ್ಲಲ್ಲ ಕಣೋ. ಕೇಳ್ಬೇಡ. ಇಲ್ಲಿಗ್ ಬಿಟ್ಬಿಡು."

"ಬಿಡೋಕಾಗಲ್ಲ. ಅವ್ನು ಗುದ್ದಿದ್ದು ನಿನಗ್ ಯಾವಾಗ ಗೊತ್ತಾಯ್ತು?"

"ಬಿಡು ಅಂದ್ನಲ್ಲ!"

"ನೀರು ಹಾಕಿದ್ದೇ ಸುಳ್ಳಾ?"

"ನೀರು ಹಾಕಿದ್ದು ಸುಳ್ಳಲ್ಲ." ಹೇಳಿದವರು ಕಲ್ಲಮ್ಮ. ಪೈಪಿನ ಮೇಲಿದ್ದ ಕೈ ಇನ್ನೂ ತೆಗೆದಿರಲಿಲ್ಲ. "ಮುಂದ್ಗಡೆ ಕಂಬಿಗೆ ಹಾಕಿದ್ದು. ನಾನೇ ತೊಳ್ದೆ. ಕಂಬೀಲಿ ಮುದುಕನ ಟವೆಲ್ ಚೂರು ಸಿಕ್ಕೊಂಡಿತ್ತು."

"ಕಲ್ಲೀ!" ಸೋಮಶೇಖರಪ್ಪನವರು ಗದರಿದರು.

"ಸಾಕು ಸುಮ್ನಿರಿ. ಅನ್ನ ಇಳೀತಿಲ್ಲ ನಂಗೆ." ಕಲ್ಲಮ್ಮ ಮೈದುನನ ಹತ್ತಿರ ಬಂದು ದನಿ ತಗ್ಗಿಸಿದರು. "ಅಳಿಯನ್ನ ಉಳ್ಸೋಕೆ ನಿಮ್ಮಣ್ಣ ಸುಳ್ ಹೇಳೋರೇನಪ್ಪ? ಆ ಚಂದ್ರಕುಮಾರ ಪಕ್ಕದ್ ಸೀಟಲ್ಲಿ ಕೂತಿದ್ದ. ಗಾಡಿ ಕಲಿಸ್ತೀನಿ ಅಂತ ನಿನ್ ಮಗಳ್ನ ಕರ್ಕೊಂಡ್ ಹೋಗಿದ್ದ. ಶಿವನಿ ರಸ್ತೆ ಖಾಲಿ ಇರ್ತದೆ ಅಂತ. ಮದ್ವೆಗ್ ಮುಂಚೆ ಇಬ್ರೇ ಓಡಾಡಿದ್ದು ಗೊತ್ತಾದ್ರೆ ನಿನಗ್ ಅವಮಾನ ಆಗ್ತದೆ ಅಂತ ಅಳ್ತಾ ಬಂತು ಕೂಸು. ಎರಡನೇ ಮಾತಿಗೆ ಮುದುಕ ಬಿದ್ದಿದ್ದು ಹೇಳ್ತು."

ಮನೆಯ ಬಾಗಿಲಲ್ಲಿ ಅಶ್ವಿನಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಪ್ಪನನ್ನು ನೋಡಿ ಎರಡೂ ಕೈಗಳನ್ನು ದುಪ್ಪಟ್ಟಾದೊಳಗೆ ಸೇರಿಸಿಕೊಂಡಳು.

ಮೃತ್ಯುಂಜಯ ಗಾಡಿಯ ಕಂಬಿ ಹಿಡಿದುಕೊಂಡ. ಹಿಡಿದ ಮೇಲೆ ಅದು ಯಾವ ಕಂಬಿ ಎಂದು ನೆನಪಾಗಿ ಕೈ ಬಿಟ್ಟ. ಸ್ಕೂಟರಿನ ಮೇಲಿನ ಕೋಳಿ, ನಡುಗುವ ಕೈ, ರಜೆಗೂ ಬಾರದ ಮಗಳು. ಇಷ್ಟು ವರ್ಷ ಊರವರ ಸುಳ್ಳು ಹಿಡಿದು ಹೆಸರು ಮಾಡಿದವನು ತಾನು. ಮನೆಯ ಮಗುವಿನ ಮುಖ ಓದಲು ಬಂದಿರಲಿಲ್ಲ.

ಧಡ್ ಎಂದು ಪಿಕಪ್ಪಿನ ಬಾಗಿಲು ಹಾಕಿದ ಸದ್ದಾಯಿತು.

ಸೈದಾನಿ ಬಿ ಇಳಿದು ಬರುತ್ತಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಸೆರಗು ಸರಿಮಾಡಿಕೊಂಡು, ದೊಡ್ಡವರ ಮನೆಯ ಅಂಗಳಕ್ಕೆ ಕಾಲಿಡುವ ಸಂಕೋಚದಲ್ಲಿ ಚಪ್ಪಲಿಯನ್ನು ದೂರವೇ ಬಿಟ್ಟು ಬಂದಳು. ಕಾದ ಮಣ್ಣಿನ ಮೇಲೆ ಬರಿಗಾಲಲ್ಲಿ ನಿಂತಳು.

"ಗೊತ್ತಾಯ್ತಾ ಸಾರ್? ಯಾರಂತೆ?"

ಅವಳಿಗೆ ಕೊಟ್ಟ ಮಾತು ಮೃತ್ಯುಂಜಯನ ನಾಲಿಗೆಯ ಮೇಲೇ ಇತ್ತು. ಬಾಗಿಲಲ್ಲಿ ಅಶ್ವಿನಿ ಒಂದು ಹೆಜ್ಜೆ ಮುಂದಿಟ್ಟಳು.

ಅವಳಿಗಿಂತ ಮೊದಲು ಸೋಮಶೇಖರಪ್ಪನವರು ನಡೆದುಬಂದು ಸೈದಾನಿ ಬಿಯ ಎದುರು ನಿಂತರು. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದಿದ್ದರು. ಯಾರ ಮುಂದೆಯೂ ಬಗ್ಗದ ಬೆನ್ನು ಬಗ್ಗಿತ್ತು.

"ನಾನು ಕಣಮ್ಮಾ," ಎಂದರು. "ಅವತ್ತು ಗಾಡಿ ಓಡಿಸ್ತಿದ್ದೋನು ನಾನು. ನಿನ್ ಮಗಂದೇನೂ ತಪ್ಪಿಲ್ಲ. ನಾಳೆ ಕೋರ್ಟಿಗ್ ಬಂದು ನಾನೇ ಹೇಳ್ತೀನಿ."

ಇಂಜಿನ್ ಒಂದೇ ಸಮ ಗುರುಗುಟ್ಟುತ್ತಿತ್ತು. ಅಣ್ಣ ತಿರುಗಿ ತಮ್ಮನನ್ನು ನೋಡಿದರು. ನೀನು ಸುಮ್ಮನಿದ್ದರೆ ಸಾಕು ಎಂಬುದು ಆ ನೋಟದಲ್ಲಿ ಬರೆದಿಟ್ಟಂತೆ ಇತ್ತು. ಸುಮ್ಮನಿದ್ದರೆ ಶಾಹಬಾಜ್ ಮನೆಗೆ ಬರುತ್ತಾನೆ. ಸುಮ್ಮನಿದ್ದರೆ ಅಶ್ವಿನಿಯೂ ಮನೆಯಲ್ಲೇ ಇರುತ್ತಾಳೆ. ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ತಿಳಿಯದ ಮುದುಕನೊಬ್ಬ ಜೈಲಿಗೆ ಹೋಗುತ್ತಾನೆ, ಅಷ್ಟೇ.

ಸೈದಾನಿ ಬಿ ಸೋಮಶೇಖರಪ್ಪನವರ ವಿಭೂತಿ ಹಣೆಯನ್ನು, ಕೈಯಲ್ಲಿನ ಟವೆಲ್ಲನ್ನು ನೋಡಿದಳು. ಆಮೇಲೆ ಮೃತ್ಯುಂಜಯನ ಕಡೆ ತಿರುಗಿದಳು.

"ಹೌದಾ ಸಾರ್? ಇವ್ರ ಮಾತು ಒಂದ್ ಸಲ ಎಲ್ಲಾರೂ ನಂಬಿದ್ಕೆ ನನ್ ಮಗ ಒಳಗ್ ಹೋದ. ಈ ಸಲ ನೀವ್ ಹೇಳಿ. ನೀವ್ ಹೇಳಿದ್ರೆ ನಂಬ್ತೀನಿ."